ಗೌಡರ ತಾಟು
ಉಂಡ ತಾಟನ್ನು ಉಂಡವನೇ ತೊಳೆಯಬೇಕು. ನಮ್ಮ ಹುಡುಗರ ಬೇಸಿಗೆ ಶಿಬಿರದಲ್ಲಿ ಈ ನಿಯಮಕ್ಕೆ ವಿನಾಯಿತಿ ಇರಲಿಲ್ಲ. ಸೋಲಾಪುರದ ವಕೀಲರ ಮಕ್ಕಳೂ ಅಕ್ಕಲಕೋಟೆ ಕಡೆಯ ಒಕ್ಕಲುತನದ ಮನೆಯ ಮಕ್ಕಳೂ ಗೊಣಗುತ್ತಲೇ ಕಲಿತಿದ್ದರು. ಆದರೆ ಪಾಲಕರು ನೋಡಲು ಬಂದ ರವಿವಾರ ಅಪ್ಪಂದಿರೆಲ್ಲ ಉಂಡು, ಕೈ ತೊಳೆದು, ಎಲೆಅಡಿಕೆಗೆ ಎದ್ದರು. ಮಕ್ಕಳು ಅವರ ತಾಟು ಎತ್ತಿಕೊಂಡು ಬಾವಿಯತ್ತ ಓಡಿದರು. ನನ್ನ ಸಹಾಯಕ ಮಾಸ್ತರರೂ ಎರಡು ಎತ್ತಿದರು.

ನಾನು ಗೌಡರನ್ನು ತಡೆದೆ. ಶಿಬಿರ ನಡೆದದ್ದೇ ಅವರ ಹೊಲದಲ್ಲಿ, ಅವರ ಬಾವಿಯ ನೀರಿನ ಮೇಲೆ.

“ಗೌಡ್ರ, ನಿಮ್ಮ ತಾಟು ನೀವೇ ತೊಳೀಬೇಕ್ರಿ.”

“ನನ್ನ ಹೊಲದಾಗ ನನ್ನ ಕೈಲೆ ಮುಸುರಿ ತಿಕ್ಕಸ್ತೀರೇನ್ರಿ, ಮಾಸ್ತರ? ಇಂಗ್ಲಿಷ್ ಸಾಲಿ ಕಲತವ್ರ ಹಣೇಬರಾನ ಇಷ್ಟು. ನಾಳಿಗೆ ಬಾವಿ ಬಂದ್ ಮಾಡಸ್ತೀನಿ, ಏನ್ ತೊಳೀತೀರೋ ತೊಳಕೋರಿ.”

“ಶಿಬಿರ ಬೇಕಾದ್ರ ಮುಚ್ಚತೀನ್ರಿ, ನಿಯಮ ಬಿಡೂದಿಲ್ಲ,” ಎಂದೆ.

ಅಷ್ಟರಲ್ಲಿ ಹುಡುಗರಿಬ್ಬರು ಹೆದರಿ ಗೌಡರ ತಾಟು ಎತ್ತಿಬಿಟ್ಟಿದ್ದರು. ಗೌಡರು ಶಿಬಿರದಲ್ಲಿದ್ದ ತಮ್ಮ ಮಗನನ್ನು ಕರೆದರು. “ಬಸು, ನೀ ಒಯ್ಯೋ ಅದನ್ನ.”

ಬಸು ಆ ಹುಡುಗರ ಕೈಯಿಂದ ತಾಟು ಕಸಿದುಕೊಂಡ. ಅದನ್ನು ಅಪ್ಪನ ಮುಂದೆಯೇ ಇಟ್ಟು, ಒಂದು ಹಿಡಿ ಬೂದಿ ಹಾಕಿ, “ನೀರ ನಾ ಹಾಕ್ತೀನಿ, ಯಪ್ಪಾ,” ಎಂದು ತಂಬಿಗೆ ಹಿಡಿದು ನಿಂತ.