ಒಡಕು ಗಂಟೆ ಹಿಡಿದವನು ಮಾತಾಡಬಾರದು

ನಮ್ಮ ಮನೆಯಲ್ಲಿರುವ ಮಾಯದ ಸಾಮಾನುಗಳಲ್ಲಿ ಒಂದೂ ನೆಟ್ಟಗಿಲ್ಲ. ನನ್ನ ಪಾಲಿಗೆ ಬಂದದ್ದು ಹೊದ್ದವರನ್ನು ಕಣ್ಣಿಗೆ ಕಾಣದಂತೆ ಮಾಡುವ ಶಾಲು. ಆದರೆ ಅದಕ್ಕೆ ಹುಳ ಹೊಡೆದು ಅಲ್ಲಲ್ಲಿ ತೂತು ಬಿದ್ದಿದೆ, ತೂತು ಇದ್ದಲ್ಲಿ ನಾನು ಕಾಣುತ್ತೇನೆ. ರಾಕ್ಷಸರ ಓಣಿಯಲ್ಲಿ ನಾನು ಕಳ್ಳಹೆಜ್ಜೆ ಇಟ್ಟು ಹೋಗುತ್ತಿದ್ದರೆ ಗಾಳಿಯಲ್ಲಿ ಒಂದು ಕಿವಿ ಮತ್ತು ಅರ್ಧ ಮೊಣಕೈ ಹೋಗುತ್ತಿರುತ್ತವೆ.

ಗಾಬರಿಯಾಗಬೇಡಿ, ಇದು ಆಟ. ನಿಲಂಗಾದಲ್ಲಿ ನಮ್ಮ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಆಡುತ್ತೇವೆ. ಆಡಿಸುವವಳು ನನ್ನ ನಾದಿನಿ. ಉದಗೀರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ, ವಾರಕ್ಕೊಮ್ಮೆ ತವರಿಗೆ ಬರುತ್ತಾಳೆ. ಕಾಲೇಜಿನ ಹಾಸ್ಟೆಲ್ಲಿನಲ್ಲಿ ಈ ಆಟ ಕಲಿತಳಂತೆ. ಪಗಡೆಯ ಹಾಗೆ ಹಾಸು ಇಲ್ಲ, ಕಾಯಿ ಇಲ್ಲ. ಅವಳು ಒಂದು ಲೋಕವನ್ನು ಹೇಳುತ್ತ ಹೋಗುತ್ತಾಳೆ, ನಾವು ಅದರೊಳಗೆ ಒಬ್ಬೊಬ್ಬ ವೀರರಾಗಿ ಹೊಕ್ಕು ಏನು ಮಾಡುತ್ತೇವೆಂದು ಹೇಳುತ್ತೇವೆ. ಗೆದ್ದೆವೋ ಸೋತೆವೋ ಎಂಬುದನ್ನು ಹಲವು ಮುಖಗಳ ಒಂದು ದಾಳ ಹೇಳುತ್ತದೆ. ಆಡುವವರು ನಾನು, ನಮ್ಮ ಮನೆಯವರು, ಪಕ್ಕದ ಮನೆಯ ವಕೀಲಬಾಯಿ. ಅವರು ಇಲ್ಲಿನ ಕೋರ್ಟಿನಲ್ಲಿ ವಾದ ಮಾಡುತ್ತಾರೆ, ಆಟಕ್ಕೆ ಬಂದರೂ ವಾದವೇ ಮಾಡುತ್ತಾರೆ.

ನಾದಿನಿ ಮೊದಲ ದಿನವೇ ಹೇಳಿಬಿಟ್ಟಿದ್ದಳು. “ಚಂದನ ಸಾಮಾನ ಕೊಟ್ರ ನೀವು ಎರಡೇ ವಾರದಾಗ ಎಲ್ಲಾ ಗೆದ್ದು ಕೂಡ್ತೀರಿ. ಮುರಕ ಸಾಮಾನ ಕೊಡ್ತೀನಿ. ಕೆಲಸ ಮಾಡ್ತದ, ಖರೇ ಬದಲಿಗಿ ನಿಮ್ಮ ಹಂತ್ಯಾಕಿಂದ ಏನರೆ ಕಸ್ಗೊತದ.”

ಕಸಿದುಕೊಳ್ಳುವುದೆಂದರೆ ಸುಮ್ಮನೆ ಅಲ್ಲ. ಮನೆಯವರ ಕತ್ತಿ ಕಲ್ಲನ್ನೂ ಕಡಿಯುತ್ತಿತ್ತು. ಆದರೆ ಅದರ ಹಿಡಿಕೆ ಸೀಳಿದ್ದರಿಂದ ಪ್ರತಿ ಪೆಟ್ಟಿಗೂ ಹಿಡಿದವರು ತಮ್ಮ ಬದುಕಿನ ಒಂದು ನಿಜವನ್ನು ಗಟ್ಟಿಯಾಗಿ ಒಪ್ಪಿಕೊಳ್ಳಬೇಕು. ದೀಪಾವಳಿಗೆ ಕರಿದಿಟ್ಟ ಕರಂಜಿ ಡಬ್ಬಿ ಖಾಲಿ ಮಾಡಿದ್ದು ಇರುವೆಗಳಲ್ಲ ಎಂಬುದು ನನಗೆ ಗೊತ್ತಾದದ್ದು ಹೀಗೆ. ವಕೀಲಬಾಯಿಯ ಕಂದೀಲು ಗುಪ್ತದಾರಿ ತೋರಿಸುತ್ತಿತ್ತು, ಗಾಜು ಒಡೆದಿದ್ದರಿಂದ ಊರ ಹುಳುಗಳನ್ನೆಲ್ಲ ಕರೆಯುತ್ತಿತ್ತು. ಕಟಕಟೆಯಲ್ಲಿ ಯಾರಿಗೂ ಹೆದರದ ಅವರು ಜಿರಲೆಯ ಹೆಸರು ಕೇಳಿದರೆ ಕುರ್ಚಿ ಏರುವ ಹೆಂಗಸು.

ಆಟಕ್ಕೆ ಕಳೆ ಬರಲೆಂದು ನಾದಿನಿ ನಿಜವಾದ ಸಾಮಾನುಗಳನ್ನೇ ಮೇಜಿನ ಮೇಲೆ ಇಡುತ್ತಿದ್ದಳು. ಶಾಲು ನನ್ನದೇ ಹಳೆಯದು, ಕತ್ತಿಯೆಂದರೆ ಅಡುಗೆಮನೆಯ ಚಾಕು. ಒಂದು ಭಾನುವಾರ ಅವಳು ಅಟ್ಟದ ಟ್ರಂಕಿನಿಂದ ಎತ್ತಿನ ಕೊರಳಿನ ಹಿತ್ತಾಳೆ ಗಂಟೆಯೊಂದನ್ನು ತಂದಿಟ್ಟಳು. ಅದರ ಅಂಚು ಸೀಳಿತ್ತು. ಅದು ನನ್ನ ಅಪ್ಪನ ಗಂಟೆ.

ಅಪ್ಪ ಔರಾದ ಶಹಾಜನಿಯ ದನದ ಬಜಾರಿನಲ್ಲಿ ಎತ್ತಿನ ದಲಾಲಿ ಮಾಡಿದವನು. ಅವನ ಗಂಟಲು ಬಜಾರಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಎತ್ತಿನ ಹಲ್ಲು ನೋಡುತ್ತ ಕನ್ನಡದಲ್ಲಿ ಶುರುಮಾಡಿ, ಮರಾಠಿಯಲ್ಲಿ ರೇಗಿಸಿ, ಉರ್ದುವಿನಲ್ಲಿ ಸಮಾಧಾನ ಹೇಳಿ ವ್ಯವಹಾರ ಮುಗಿಸುತ್ತಿದ್ದ. ಲಕ್ವಾ ಹೊಡೆದಾಗ ಕೈಕಾಲು ತಿರುಗಿ ಬಂದವು, ಮಾತು ಬರಲಿಲ್ಲ. ಓದುಬರಹ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಾನು ಅವನನ್ನು ನಮ್ಮಲ್ಲಿಗೆ ಕರೆತಂದೆ. ಬಂದ ನೆಂಟರು “ಮಾಮಾ, ಊಟ ಆತೇನ್ರೀ?” ಎಂದು ಕಿವುಡರಿಗೆ ಕೂಗಿದ ಹಾಗೆ ಕೂಗುತ್ತಿದ್ದರು. ಅವನು ತಲೆಯಾಡಿಸುವಷ್ಟರಲ್ಲಿ ಮುಖ ತಿರುಗಿಸಿ “ಊಟ ಮಾಡ್ಯಾರೇನು?” ಎಂದು ನನ್ನನ್ನೇ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬರಬರುತ್ತ ಅಪ್ಪ ಜನರ ನಡುವೆ ಕೂಡುವುದನ್ನೇ ಬಿಟ್ಟ. ಹಿಂದಿನ ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಿದ್ದ. ಅವನ ಮಾತು ತಿರುಗಿ ಬರಲಿ ಎಂದು ನಾನು ದೇವರನ್ನು ಕೇಳುವುದನ್ನು ಬಿಟ್ಟಿದ್ದೆ. ನಾಲ್ಕು ಜನರ ನಡುವೆ ಅವನು ಮತ್ತೆ ಲೆಕ್ಕಕ್ಕಿರುವ ಮನುಷ್ಯನಾಗಿ ಕೂತರೆ ಸಾಕು ಎಂದುಕೊಂಡಿದ್ದೆ.

ಆ ದಿನ ನಾದಿನಿ ಗಂಟೆಯ ಗುಣ ಹೇಳಿದಳು. ಅದನ್ನು ಹಿಡಿದವರಿಗೆ ಯಾವ ಮಂತ್ರವೂ ತಾಗುವುದಿಲ್ಲ. ಒಡೆದಿರುವುದರಿಂದ ಹಿಡಿದವರ ಮಾತನ್ನು ಅದು ನುಂಗುತ್ತದೆ. ಆಡುವವರು ಮೇಜಿನ ಹತ್ತಿರ ಮಾತಾಡಬಾರದು, ಬರೆದು ತೋರಿಸಲೂಬಾರದು.

“ಅಯ್ಯ, ಇದ್ಯಾರಿಗಿ ಬೇಕು? ಮಾತಿಲ್ದ ಕೂಡೂದಂದ್ರ ಸತ್ತಂಗೇ,” ಎಂದರು ವಕೀಲಬಾಯಿ. ಅಂದ ಮೇಲೆ ಬಾಗಿಲ ಕಡೆ ನೋಡಿ ನಾಲಗೆ ಕಚ್ಚಿಕೊಂಡರು.

ಅಪ್ಪ ತನ್ನ ಗಂಟೆಯ ಸಪ್ಪಳ ಕೇಳಿ ಆಗಲೇ ಎದ್ದಿದ್ದ. ಮೇಜಿನ ಹತ್ತಿರ ಬಂದು ಗಂಟೆ ಎತ್ತಿಕೊಂಡು ಖಾಲಿ ಕುರ್ಚಿಯಲ್ಲಿ ಕೂತ.

“ಮಾಮಾ ಆಟದಾಗ ಬಂದ್ರು,” ಎಂದಳು ನಾದಿನಿ, ಅದೇನೂ ವಿಶೇಷವಲ್ಲ ಎಂಬಂತೆ. “ವೈನಿ, ಇನ್ನೊಂದು ಕಪ್ ಚಾ ಇಡ್ರಿ.”

ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. “ನಮ್ಮಪ್ಪನ ಚೇಷ್ಟಿ ಮಾಡ್ಲತ್ತೀ ಏನು?”

“ಚೇಷ್ಟಿ ಯಾಕ ಮಾಡ್ಲಿ, ವೈನಿ? ಅಲ್ಲಿ ಕುಂತವರೆಲ್ಲರ ಹಂತ್ಯಾಕೂ ಮುರಕ ಸಾಮಾನೇ ಅದ. ನಿಮ್ಮ ಕಿವಿ ಕಾಣ್ತದ, ಅಣ್ಣಾನ ಕಳ್ಳತನ ಕಾಣ್ತದ. ಮಾಮಾರ ಮ್ಯಾಲಷ್ಟೇ ಕನಿಕರ ಯಾಕ?”

ಸಿಟ್ಟಿನಲ್ಲಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದೆ.

ಅಪ್ಪ ಪ್ರತಿವಾರ ಬಂದು ಕೂಡತೊಡಗಿದ. ಆದರೆ ಕೂತದ್ದಷ್ಟೇ ಬಂತು. ಅವನ ಸರದಿ ಬಂದಾಗ “ಕಾಕಾ ಎಡಕ್ಕ ಹೋಗ್ತಾರ” ಎಂದು ವಕೀಲಬಾಯಿ, “ಇಲ್ಲ ಇಲ್ಲ, ಇಲ್ಲೇ ನಿಂದರ್ತಾರ” ಎಂದು ಮನೆಯವರು ತೀರ್ಮಾನ ಕೊಡುತ್ತಿದ್ದರು. ಅಪ್ಪ ಗಂಟೆಯನ್ನು ಒಮ್ಮೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದ. ಆಟದಲ್ಲೂ ಅವನು ನೆಂಟರ ಮುಂದಿನ ಅಪ್ಪನೇ ಆಗಿಬಿಟ್ಟ ಎಂದು ನನಗೆ ಕಸಿವಿಸಿ.

ಆಮೇಲೆ ಕೋಟೆಯ ಕೊನೆಯ ಬಾಗಿಲು ಬಂತು. ಒಳಗೆ ಒಂದು ಊರಿನ ಜನರೆಲ್ಲ ಸೆರೆ ಸಿಕ್ಕಿದ್ದರು. ಅವರನ್ನು ಬಿಡಿಸಲೆಂದೇ ನಾವು ತಿಂಗಳುಗಟ್ಟಲೆ ಅಲೆದಿದ್ದೆವು. ಬಾಗಿಲಿಗೆ ಒಬ್ಬ ಕಾವಲು ರಾಕ್ಷಸ. ಅವನ ಮುಂದೆ ಬಾಯಿ ಬಿಟ್ಟವರು ಕಲ್ಲಾಗುತ್ತಾರೆ. ಕಲ್ಲಾದವರು ಮೇಜಿನ ಹತ್ತಿರವೂ ತುಟಿ ಎರಡು ಮಾಡಬಾರದು ಎಂದಳು ನಾದಿನಿ.

ಮನೆಯವರು ಶೂರತನದಿಂದ ಸರಪಳಿ ಕಡಿದರು. ಕತ್ತಿ ನಿಜ ಕೇಳಿತು. “ನನ್ನ ಹೇಂತಿ ಮಾಡಿದ್ದ ಶೇಂಗಾ ಹೋಳಗಿಕಿಂತ ನಮ್ಮ ಅಕ್ಕಂದೇ ಛಲೋ” ಎಂದರು, ಕಲ್ಲಾದರು. ಅವರು ಕಲ್ಲಾದದ್ದು ಅವರ ಪುಣ್ಯ. ವಕೀಲಬಾಯಿಯ ಕಂದೀಲಿಗೆ ಹುಳ ಮುತ್ತಿದವು. ಚೀರಿದರು, ಕಲ್ಲು. ರಾಕ್ಷಸ ಗಾಳಿಯಲ್ಲಿ ತೇಲುವ ನನ್ನ ಕಿವಿ ನೋಡಿ “ಈ ಹೊಲಸು ಕಿವಿ ಯಾರದು?” ಎಂದ. ಸುಮ್ಮನಿರಬೇಕಿತ್ತು, ಗೊತ್ತಿತ್ತು. “ನಂದು, ನಿಂಗೇನು ಮಾಡಬೇಕಾಗ್ಯಾದ?” ಎಂದೆ. ನಾನೂ ಕಲ್ಲು.

ಉಳಿದವನು ಅಪ್ಪ ಒಬ್ಬನೇ. ಅವನ ಪರವಾಗಿ ಮಾತಾಡಲು ಈಗ ಯಾರಿಗೂ ಬಾಯಿ ಇರಲಿಲ್ಲ.

ನಾದಿನಿ ರಾಕ್ಷಸನ ದನಿಯಲ್ಲಿ ಹೇಳಿದಳು. “ಬಾಗಿಲಾ ತೆರೀಬೇಕಂದ್ರ ನಿನ್ನ ಆಯುಷ್ಯದಾಗಿಂದು ಇಪ್ಪತ್ತು ವರ್ಷ ನನಗ ಕೊಡು. ಆಗಂಗಿಲ್ಲಂದ್ರ ಎಷ್ಟು ಕೊಡ್ತೀ ಅದನ್ನ ನೀನೇ ತಿಳಿಸು.” ಮಾತಿಲ್ಲದೆ ಚೌಕಾಶಿ ಮಾಡಲಾಗದು, ಮುಖ ಬಾಡಿಸಿಕೊಂಡು ಒಪ್ಪುತ್ತಾನೆ ಎಂದು ಅವಳ ಎಣಿಕೆಯಾಗಿತ್ತಂತೆ. ಅವಳು ಬಟ್ಟೆ ಅಂಗಡಿಯ ಮಗಳು, ದನದ ಬಜಾರು ಕಂಡವಳಲ್ಲ.

ಅಪ್ಪ ನಕ್ಕ. ಲಕ್ವಾ ಹೊಡೆದ ಮೇಲೆ ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಎದ್ದು, ಗಂಟೆ ಎತ್ತಿಕೊಂಡು, ಬಾಗಿಲ ಕಡೆ ಹೊರಟೇಬಿಟ್ಟ.

“ಮಾಮಾ, ಎಲ್ಲಿ ಹೊಂಟ್ರಿ? ಆಟ ಮುಗಿದಿಲ್ರೀ!” ನಾದಿನಿ ಗಾಬರಿಯಾದಳು. ನನಗೆ ಮಾತ್ರ ಗುರುತು ಸಿಕ್ಕಿತು. ಮೊದಲ ದರ ಕೇಳಿದ ಕೂಡಲೇ ಬೆನ್ನು ತಿರುಗಿಸಿ ನಡೆಯುವ ಈ ನಡಿಗೆಯನ್ನು ನಾನು ಚಿಕ್ಕಂದಿನಿಂದ ಕಂಡಿದ್ದೆ. ಹೇಳೋಣವೆಂದರೆ ನಾನು ಕಲ್ಲು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ.

ಹೊಸ್ತಿಲ ತನಕ ಹೋಗಿ ಅವನು ಹಿಂತಿರುಗಿದ. ಹೆಗಲ ಮೇಲಿನ ಟಾವೆಲ್ಲು ತೆಗೆದು ಕೊಡವಿ, ನಾದಿನಿಯ ಬಲಗೈ ಹಿಡಿದು ಮೇಲೆ ಹೊದಿಸಿದ. ಆಮೇಲೆ ಇನ್ನೊಂದು ಕೈಯನ್ನು ಹೊರಗೆ ಅವಳ ಕಣ್ಣ ಮುಂದೆ ಹಿಡಿದು ಒಂದು ಬೆರಳು ತೋರಿಸಿದ, ಟಾವೆಲ್ಲಿನೊಳಗೆ ಅವಳ ಒಂದು ಬೆರಳು ಹಿಚುಕಿದ. ಎರಡು ತೋರಿಸಿದ, ಎರಡು ಹಿಚುಕಿದ. ಪೂರ್ತಿ ಪಂಜಾ ತೋರಿಸಿ ಪೂರ್ತಿ ಕೈ ಹಿಡಿದ. ನಾದಿನಿಯ ಹುಬ್ಬು ಮೆಲ್ಲಗೆ ಮೇಲೇರಿತು. ನಮ್ಮ ಕಡೆಯ ಬಜಾರಿನಲ್ಲಿ ಎತ್ತಿನ ದರ ಹೀಗೇ ಆಗುತ್ತದೆ. ಸುತ್ತ ನೂರು ಜನ ನಿಂತಿದ್ದರೂ ಆ ದರ ಎರಡು ಕೈಗಳಿಗೆ ಮಾತ್ರ ಗೊತ್ತು.

“ತಿಳೀತ್ರೀ, ಮಾಮಾ,” ಎಂದಳು. ಈಗ ರಾಕ್ಷಸನ ದನಿ ಇರಲಿಲ್ಲ.

ಚೌಕಾಶಿ ಶುರುವಾಯಿತು. ಅಪ್ಪ ಕೈಯ ಕಡೆ ನೋಡಲೇ ಇಲ್ಲ. ಫ್ಯಾನು ನೋಡಿದ, ಗೋಡೆಯ ಕ್ಯಾಲೆಂಡರು ನೋಡಿದ, ಬೇಸರವಾದವನಂತೆ ಆಕಳಿಸಿದ. ನಾದಿನಿ ತುಟಿ ಕಚ್ಚಿದಳು, ತಲೆ ಅಡ್ಡಡ್ಡ ಆಡಿಸಿದಳು. ಅಪ್ಪ ಕೈ ಕೊಸರಿಕೊಂಡು ಇನ್ನೊಮ್ಮೆ ಏಳಲು ಹೋದ, ಅವಳೇ ಎಳೆದು ಕೂರಿಸಿದಳು. ಮನೆಯವರು ತಾವು ಕಲ್ಲೆಂಬುದನ್ನು ಮರೆತು ಟಾವೆಲ್ಲಿನ ಅಂಚು ಎತ್ತಿ ಇಣುಕಲು ಹೋದರು. ಅಪ್ಪ ಆ ಕೈಗೆ ಫಟ್ಟನೆ ಕೊಟ್ಟ. ಟಾವೆಲ್ಲು ತೆರೆದರೆ ವ್ಯಾಪಾರ ಮುರಿದಂತೆ, ಅಳಿಯನಾದರೇನು?

ಕೊನೆಗೆ ಅಪ್ಪ ಅವಳ ಕೈ ಗಟ್ಟಿಯಾಗಿ ಕುಲುಕಿ ಟಾವೆಲ್ಲು ಹೆಗಲಿಗೆ ಹಾಕಿಕೊಂಡ. ದಾಳ ಮುಟ್ಟುವ ಕೆಲಸವೇ ಬರಲಿಲ್ಲ. ನಾದಿನಿಯ ಮುಖ ಕೆಂಪಾಗಿತ್ತು.

“ಆತು,” ಎಂದಳು. “ಬಾಗಿಲಾ ತೆರೀತು. ಸೆರಿಯಾಗಿನ ಮಂದಿ ಎಲ್ಲಾ ಹೊರಗ ಬಂದ್ರು. ಕಲ್ಲಾದವರೂ ಏಳ್ರಿ ಇನ್ನ. ಮಾಮಾ ಗೆದ್ರು.”

ನಾವು ಎಬ್ಬಿಸಿದ ಗದ್ದಲಕ್ಕೆ ಅಂಗಡಿ ಸಾಲಿನವರು ಏನಾಯಿತೆಂದು ಓಡಿ ಬಂದರು. ಮನೆಯವರು ಮಾವನ ಕಾಲಿಗೆ ಬಿದ್ದರು, ಅರ್ಧ ತಮಾಷೆಗೆ, ಅರ್ಧ ಖರೇನೇ. ನಾನು ಅತ್ತುಬಿಟ್ಟೆ. ಇಷ್ಟು ದಿನ ಅವನಿಗಾಗಿ ಅತ್ತ ಅಳು ಬೇರೆ, ಇದು ಬೇರೆ. ಹಿಗ್ಗು ಹೆಚ್ಚಾದರೆ ಹೀಗೂ ಆಗುತ್ತದೆ ಎಂದು ಅವತ್ತು ತಿಳಿಯಿತು.

“ಕಾಕಾ, ಎಷ್ಟಕ್ಕ ಮುಗಸಿದ್ರಿ?” ಎಂದು ಕೇಳಿದರು ವಕೀಲಬಾಯಿ. ಕೂಗಲಿಲ್ಲ, ನನ್ನ ಕಡೆ ತಿರುಗಲಿಲ್ಲ. ಅವನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದರು. ಓಡಿ ಬಂದವರೂ ಕಾದರು. ನಾದಿನಿ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ತುಟಿಯ ಮೇಲೆ ಬೆರಳಿಟ್ಟ. ಅವಳ ಬಾಯಿ ಮುಚ್ಚಿತು.

ಗೆದ್ದವರಿಗೆ ಬಹುಮಾನ ಕೊಡಬೇಕಲ್ಲ. “ಮಾಮಾ, ಗಂಟಿ ಬೆಸಗಿ ಹಾಕಿಸಿ ಕೊಡ್ತೀನಿ. ಮುಂದಿನ ಐತವಾರದಿಂದ ಆಟದಾಗ ನೀವೂ ಮಾತಾಡಬಹುದು,” ಎಂದಳು ನಾದಿನಿ. ಅಪ್ಪ ಗಂಟೆಯನ್ನು ತಿರುಗಿಸಿ ಸೀಳು ನೋಡಿದ. ಬೇಡವೆಂದು ತಲೆಯಾಡಿಸಿದ. ಎರಡು ಬೆರಳು ತೋರಿಸಿ, ತಲೆಯ ಎರಡೂ ಬದಿಗೆ ಕೈ ಇಟ್ಟು ಕೋಡು ಮಾಡಿದ. ಆಟದಲ್ಲಿ ಒಂದು ಜೋಡಿ ಎತ್ತು ಬೇಕಂತೆ. ಕೊಟ್ಟಳು. ಕೊಡುವ ಮೊದಲು ಅವುಗಳ ಹಲ್ಲು ನೋಡಬೇಕೆಂದು ಹಟ ಹಿಡಿದ, ಅದನ್ನೂ ಅವಳು ತೋರಿಸಬೇಕಾಯಿತು.

ರಾಕ್ಷಸನಿಗೆ ಅಪ್ಪ ಎಷ್ಟು ವರ್ಷ ಕೊಟ್ಟ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನಾದಿನಿಯನ್ನು ಕೇಳಿದರೆ “ಟಾವೆಲ್ಲಿನ ಒಳಗಿನ ಮಾತು, ವೈನಿ” ಎಂದು ಹಾರಿಸುತ್ತಾಳೆ. ಔರಾದಿನ ಹಳೆಯ ದಲಾಲರು ಬಂದು ಅಪ್ಪನನ್ನು ಪುಸಲಾಯಿಸಿ ನೋಡಿದರು. ವಕೀಲಬಾಯಿ ಪಾಟೀಸವಾಲು ಹಾಕಿ ನೋಡಿದರು. ಮಗಳೆಂದು ನಾನು ಗದರಿಸಿಯೂ ನೋಡಿದೆ. ಎಲ್ಲರೂ ಅವನ ಸುತ್ತ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಾರೆ. ಅಪ್ಪ ಎಲ್ಲರನ್ನೂ ಒಮ್ಮೆ ನೋಡಿ, ಒಡಕು ಗಂಟೆಯನ್ನು ಅಲ್ಲಾಡಿಸಿ, ಹೇಳುವುದಿಲ್ಲ ಹೋಗಿ ಎಂದು ಕೈಯಾಡಿಸುತ್ತಾನೆ.