ಪಾಯಸದ ತಪ್ಪಲೆಯ ಮುಯ್ಯಿ

ಗುಬ್ಬಿಯಲ್ಲಿ ನನ್ನ ಪ್ರೆಸ್ಸಿನ ಬಾಗಿಲಿಗೆ ಬಂದು "ಉದಯಕುಮಾರಣ್ಣ, ಆಶೀರ್ವಾದ ಮಾಡಿ" ಎಂದು ಈಗಲೂ ಯಾರಾದರೂ ಕಿಚಾಯಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಿಂದೆಯೇ ನಗುವೂ ಬಂದುಬಿಡುತ್ತದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಇದು ನನ್ನ ಕಥೆಯಲ್ಲ, ಕಲಾಯಿ ಇಸಾಕ್ ಸಾಬರದು. ಇದರಲ್ಲಿ ನಾನು ಬರೀ ತಪ್ಪು ಮಾಡಿದವನು.

ಇಸಾಕ್ ಸಾಬರು ಗುಬ್ಬಿ, ಚೇಳೂರು ಸುತ್ತಿನ ಹಿತ್ತಾಳೆ ಪಾತ್ರೆಗಳಿಗೆಲ್ಲ ಮೂವತ್ತು ವರ್ಷ ಕಲಾಯಿ ಹಾಕಿದವರು. ಯಾರದೇ ಮನೆಯಲ್ಲಿ ಮದುವೆಯಾಗಲಿ, ವಾರ ಮೊದಲೇ ಸಾಬರು ಬರಬೇಕು. ಅಂಗಳದಲ್ಲಿ ಗುಂಡಿ ತೋಡಿ, ಇದ್ದಿಲು ಸುರಿದು, ತಿದಿ ಒತ್ತುತ್ತ ಕೂರುವರು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಹತ್ತಿಯಲ್ಲಿ ಒಂದು ಸುತ್ತು ತಿಕ್ಕಿದರೆ ಸಾಕು, ಕರ್ರಗಿದ್ದ ತಪ್ಪಲೆ ಒಳಗೆಲ್ಲ ಬೆಳ್ಳಗೆ ಥಳಥಳ ಅನ್ನುವುದು. ಎಲ್ಲ ಪಾತ್ರೆಗೂ ಕೂಲಿ ಇಸಕೊಳ್ಳುವರು, ಒಂದನ್ನು ಬಿಟ್ಟು. "ಪಾಯಸದ ತಪ್ಪಲೆಗೆ ದುಡ್ ಬ್ಯಾಡ. ಅದು ನನ್ ಮುಯ್ಯಿ" ಅನ್ನುವರು. ಮದುವೆಯ ದಿನ ಮುಯ್ಯಿ ಬರೆಯುವವರೂ ಹಾಗೇ ಬರೆದುಕೊಳ್ಳುವರು: ಇಸಾಕ್ ಸಾಬ್, ಪಾಯಸದ ತಪ್ಪಲೆ.

ಮುಯ್ಯಿ ಅಂದಮೇಲೆ ಅದು ತಿರುಗಿ ಬರಬೇಕು. ಕೊಟ್ಟವರ ಮನೆಯಲ್ಲಿ ಕಾರ್ಯ ಆದಾಗ ಪಡೆದವರೆಲ್ಲ ಹೋಗಿ ತೀರಿಸಬೇಕು. ಆದರೆ ಸಾಬರ ಮನೆಯಲ್ಲಿ ಕಾರ್ಯವೇ ಆಗಲಿಲ್ಲ. ಸಾಬರಿಗೂ ಅವರ ಹೆಂಡತಿ ನಜೀರಮ್ಮನಿಗೂ ಮಕ್ಕಳಿರಲಿಲ್ಲ. ಹೀಗೆ ಅರ್ಧ ತಾಲ್ಲೂಕು ಪಾಯಸ ಕುಡಿದು ಬಾಯಿ ಒರೆಸಿಕೊಂಡು ಸುಮ್ಮನಿತ್ತು.

ತೊಂಬತ್ತೆಂಟರಲ್ಲಿ ಸಾಬರಿಗೆ ಕೆಮ್ಮು ಹತ್ತಿತು. ತುಮಕೂರಿನ ಬಟವಾಡಿಯ ಕ್ಲಿನಿಕ್ಕಿಗೆ ತೋರಿಸಲು ಹೋದರೆ, ಅಲ್ಲಿನ ಬೆಂಚಿನ ಮೇಲೆ ಅಡವಿಯಪ್ಪ ತಲೆ ತಗ್ಗಿಸಿ ಕೂತಿದ್ದ. ಅಡವಿಯಪ್ಪ ಕುಣಿಗಲ್ ಆಚೆಯ, ಕಾಡಿನಿಂದ ಬಂದ ಇರುಳಿಗರ ಕಾಲೋನಿಯ ಯಜಮಾನ. ಕೆರೆ ಅಂಗಳದ ಜಾಲಿ ಸುಟ್ಟು ಸಾಬರಿಗೆ ಇದ್ದಿಲು ಕೊಡುತ್ತಿದ್ದವನು. ಪಕ್ಕದಲ್ಲಿ ನಿಂತಿದ್ದ ನರ್ಸು ಸುಮನಾ ಸಿಸ್ಟರ್ ಕಣ್ಣೂ ಕೆಂಪಾಗಿತ್ತು.

ವಿಷಯ ಇಷ್ಟೇ. ಕಾಲೋನಿಯ ಹುಡುಗರು ಪ್ಯಾಕೆಟ್ ಸಾರಾಯಿಗೆ ಬಿದ್ದಿದ್ದರು. ಹೆಣ್ಣುಮಕ್ಕಳಿಗೆ ಮೈಯಲ್ಲಿ ರಕ್ತವಿಲ್ಲ, ಮುದುಕರಿಗೆ ಕಣ್ಣು ಕಾಣದು. ಮೂರು ದಿನದ ಶಿಬಿರ ಮಾಡೋಣ, ಡಾಕ್ಟರೂ ಬರಲಿ, ಕಾಡು ಗೊತ್ತಿರುವ ಹಿರಿಯರು ಜೇನಿನ ಹಾಡು, ಗಿಡಮೂಲಿಕೆ ಹುಡುಗರಿಗೆ ಕಲಿಸಲಿ, ಇಡೀ ಇಡೀ ಸಂಸಾರ ಒಟ್ಟಿಗೆ ಕೂತು ಉಣ್ಣಲಿ ಎಂದು ಸುಮನಾ ಸಿಸ್ಟರ್ ಎಲ್ಲ ಹೊಂದಿಸಿದ್ದರು. ದುಡ್ಡು ಕೊಡುತ್ತೇನೆ ಅಂದವರು ಕೊನೆ ಗಳಿಗೆಯಲ್ಲಿ ಕೈ ಎತ್ತಿದ್ದರು. ಬೇಕಿದ್ದದ್ದು ಹದಿನೆಂಟು ಸಾವಿರ.

"ಇದು ಮೂರ್ನೇ ಸಲ ಸಾಬ್ರೇ," ಅಂದ ಅಡವಿಯಪ್ಪ. "ಬತ್ತೀವಿ ಅಂದೋರು ಯಾರೂ ಬರ್ನಿಲ್ಲ. ಈ ಸಲ ಬಂದೇ ಬತ್ತಾರೆ ಅಂತ ಹುಡುಗ್ರಿಗೆ ನಾನೇ ಮಾತ್ ಕೊಟ್ಟಿವ್ನಿ. ಇನ್ನು ಯಾವ ಮುಖ ಹೊತ್ಕೊಂಡ್ ಹೋಗ್ಲಿ? ಇನ್ಮೇಕೆ ನನ್ ಮಾತ್ ಯಾರೂ ಕೇಳಾಕಿಲ್ಲ."

ಸಾಬರು ಕೆಮ್ಮುತ್ತಲೇ, "ಅರೆ, ಅದಕ್ಯಾಕ್ ಅಳ್ತೀಯೋ? ನಾನ್ ಕೊಡಿಸ್ತೀನಿ ಬುಡು!" ಅಂದುಬಿಟ್ಟರು.

ಮನೆಯಲ್ಲಿ ಇದನ್ನು ಕೇಳಿ ನಜೀರಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಏನ್ರೀ, ಬೀಡಿಗೆ ನನ್ ಹತ್ರ ಎಂಟಾಣೆ ಕೇಳ್ತೀರಾ. ಹದಿನೆಂಟ್ ಸಾವ್ರ ಎಲ್ಲಿಂದ ಉದುರುತ್ತೆ?"

"ಮುಯ್ಯಿ ಐತಲ್ಲೇ! ಊರ್ ತುಂಬಾ ನಮ್ ಮುಯ್ಯಿ ಬಿದ್ದೈತೆ!"

"ಮುಯ್ಯಿ ವಾಪಸ್ ಬರಕ್ಕೆ ಕಾರ್ಯ ಆಗ್ಬೇಕು. ಯಾರ್ದು ಮದ್ವೆ ಮಾಡ್ತೀರಾ? ನಂದಾ?"

ಸಾಬರು ಎದ್ದು ನಿಂತರಂತೆ. ಯಾಕೆಂದರೆ ಅವರ ನಿಕಾದಲ್ಲಿ ಬಡತನ, ಊಟವೇ ಇರಲಿಲ್ಲ. ಬಂದವರಿಗೆ ಚಾ, ಎರಡೆರಡು ಬಿಸ್ಕತ್ತು ಕೊಟ್ಟು ಕಳಿಸಿದ್ದರು. "ನಿಂದೇ ಕಣೇ! ಮೂವತ್ತೈದು ವರ್ಷ ಲೇಟು, ಆದ್ರೆ ಊಟ ಊಟಾನೇ!" ನಜೀರಮ್ಮ ಬಯ್ಯಲು ಬಾಯಿ ತೆರೆದವರು ನಾಚಿಕೊಂಡು ಒಳಗೆ ಹೋದರು.

ಮಾರನೆಯ ದಿನ ಸಾಬರು ನನ್ನ ಪ್ರೆಸ್ಸಿಗೆ ಬಂದು ಕಾರ್ಡು ಹೇಳಿದರು. ಕಂಪ್ಯೂಟರ್ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಒಂದೊಂದೇ ಅಚ್ಚುಮೊಳೆ ಜೋಡಿಸಬೇಕು. "ಇಸಾಕ್ ಸಾಬ್ ಮತ್ತು ನಜೀರಾ ಇವರ ಮದುವೆಯ ಊಟ. ಬಂದ ಮುಯ್ಯಿಯೆಲ್ಲ ಇರುಳಿಗರ ಮಕ್ಕಳ ಮತ್ತು ಮನೆಯವರ ಶಿಬಿರಕ್ಕೆ" ಎಂದು ನಾನೇ ಜೋಡಿಸಿದೆ. ಖುಷಿ ತಡೆಯಲಾಗದೆ ಮೂಲೆಗೆ ಎರಡು ಗಿಳಿ ಕೂರಿಸಿದೆ. ಪ್ರೂಫ್ ತೋರಿಸಿದರೆ ಸಾಬರು ಗಿಳಿ ನೋಡಿ ಸೈ ಅಂದರು. ಅವರಿಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ನಾನೂ ಎರಡು ಸಲ ಓದಿದೆ. ಇನ್ನೂರೈವತ್ತು ಕಾರ್ಡು ಹೋದವು.

ಊಟ ತೆಂಗಿನಕಾಯಿ ಮಂಡಿಯ ಮಹಾದೇವಯ್ಯನವರ ಛತ್ರದಲ್ಲಿ. ಅವರು ಲಿಂಗವಂತರು, ಬಾಡಿಗೆ ಬೇಡ ಅಂದರು, ಆದರೆ ಛತ್ರದಲ್ಲಿ ಮಾಂಸ ಮಾತ್ರ ಕೂಡದು. ಸಾಬರು ಒಪ್ಪಿ, ತಮ್ಮ ಹಳೆಯ ಉಳಿತಾಯವನ್ನೆಲ್ಲ ಒಬ್ಬಟ್ಟಿಗೂ ಪಾಯಸಕ್ಕೂ ಸುರಿದರು. ಅವತ್ತು ಜನವೋ ಜನ. ಸಾಬರ ಬೀದಿಯವರು ಬಿರಿಯಾನಿ ಕನಸು ಕಂಡು ಬಂದಿದ್ದರು. ಎಲೆಯ ಮೇಲೆ ಹುರುಳಿಕಾಯಿ ಪಲ್ಯ ಬಿದ್ದಾಗ ಮುದುಕರೊಬ್ಬರು, "ನಿಕಾದಲ್ಲಿ ಚಾ, ವಲೀಮಾ ಊಟದಲ್ಲಿ ಬೇಳೆ ಸಾರು! ಇಸಾಕ್, ನೀನು ಬದಲಾಗ್ಲಿಲ್ಲ ಕಣಪ್ಪ!" ಎಂದು ಕೂಗಿ ಇಡೀ ಪಂಕ್ತಿಯನ್ನು ನಗಿಸಿದರು. ನಜೀರಮ್ಮ ಹಸಿರು ಸೀರೆ ಉಟ್ಟು, ಮಲ್ಲಿಗೆ ದಂಡೆ ಮುಡಿದು, ಸಾಬರ ಪಕ್ಕ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅರವತ್ತರ ಹತ್ತಿರದ ಮದುಮಗಳು! ಹೆಂಗಸರೆಲ್ಲ ಅವರ ಕೆನ್ನೆಗೆ ಅರಿಶಿನ ಮೆತ್ತಿ ಬಿದ್ದು ಬಿದ್ದು ನಗುತ್ತಿದ್ದರು.

ನಾನು ಬಾಗಿಲಲ್ಲಿ ಮೇಜು ಹಾಕಿ, ಮುಯ್ಯಿ ಬರೆಯಲು ಪುಸ್ತಕ, ಕೂಗಲು ಮೈಕು ಇಟ್ಟುಕೊಂಡು ಕೂತಿದ್ದೆ. ಮೊದಲ ಪಂಕ್ತಿ ಎದ್ದಿತು. ಜನ ನನ್ನ ಮುಂದೆಯೇ ಹಾದು ವೇದಿಕೆ ಹತ್ತಿದರು, ಗಂಡ ಹೆಂಡತಿ ತಲೆಯ ಮೇಲೆ ಅಕ್ಕಿಕಾಳು ಹಾಕಿದರು, ತಾಂಬೂಲ ತೆಗೆದುಕೊಂಡು ಹೊರಟರು. ಎರಡನೇ ಪಂಕ್ತಿಯೂ ಹಾಗೇ. ಪುಸ್ತಕದಲ್ಲಿ ಒಂದು ಹೆಸರಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

ಮಹಾದೇವಯ್ಯನವರನ್ನೇ ಹಿಡಿದು ಕೇಳಿದೆ. "ಏನ್ ಯಜಮಾನ್ರೇ, ಬರೀ ಕೈಲಿ?"

"ಏನಯ್ಯಾ ಹಿಂಗಂತೀಯ? ನೀನೇ ಹಾಕಿದೀಯಲ್ಲ!" ಎಂದು ಜೇಬಿನಿಂದ ಕಾರ್ಡು ತೆಗೆದು ಮೂಗಿನ ಮುಂದೆ ಹಿಡಿದರು. ಗಿಳಿಗಳ ಕೆಳಗೆ, ಕಟ್ಟಕಡೆಯಲ್ಲಿ, ದಪ್ಪ ಅಕ್ಷರದಲ್ಲಿ: ಆಶೀರ್ವಾದವೇ ಉಡುಗೊರೆ.

ಅಯ್ಯೋ ಶಿವನೇ! ಆ ಕಾಲದಲ್ಲಿ ಎಲ್ಲರ ಮದುವೆ ಕಾರ್ಡಿನ ಬುಡದಲ್ಲೂ ಅದೇ ಸಾಲು. ಪ್ರತಿ ಸಲ ಮೊಳೆ ಬಿಚ್ಚಿ ಜೋಡಿಸುವ ರಗಳೆ ಯಾಕೆಂದು ನಾನು ಅದನ್ನು ದಾರ ಕಟ್ಟಿ ಹಾಗೇ ಇಟ್ಟುಕೊಂಡಿದ್ದೆ. ಯಾವ ಮದುವೆ ಬಂದರೂ ಕೈ ತಾನೇ ಅದನ್ನು ಎತ್ತಿ ಕೆಳಗೆ ಕೂರಿಸುವುದು. ಎಂದೂ ತಪ್ಪಿಲ್ಲದ ಸಾಲು ಅದು, ಪ್ರೂಫ್ ಓದುವಾಗ ಕಣ್ಣೂ ಅಲ್ಲಿಗೆ ಇಳಿಯುತ್ತಿರಲಿಲ್ಲ. ನಮ್ಮ ಜನವೂ ಕಾರ್ಡಿನಲ್ಲಿ ಓದುವುದು ಎರಡೇ: ಊಟ ಎಷ್ಟು ಹೊತ್ತಿಗೆ, ಕೊನೆಯ ಸಾಲು ಏನು.

ನಾನು ಓಡಿಹೋಗಿ ಸಾಬರ ಕಿವಿಯಲ್ಲಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ಮೈಕಲ್ಲಿ ಹೇಳ್ಬುಡ್ತೀನಿ ಸಾಬ್ರೇ, ತಪ್ಪು ನಂದು," ಅಂದೆ.

"ಬ್ಯಾಡ ಉದಯ. ಉಣ್ಣಕ್ ಕರ್ದು, ಉಂಡೋರ್ ಹತ್ರ ಕೈ ಚಾಚ್ಬಾರ್ದು." ನಜೀರಮ್ಮ ಅರಿಶಿನದ ಮುಖದಲ್ಲೇ ಗಂಡನ ಕೈ ಹಿಡಿದುಕೊಂಡರು. ಇದ್ದ ಉಳಿತಾಯವೂ ಒಬ್ಬಟ್ಟಾಗಿ ಹೋಗಿತ್ತು. ಶಿಬಿರಕ್ಕೆ ಇನ್ನು ಎಂಟೇ ದಿನ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ಅಡವಿಯಪ್ಪ. ಸುಮನಾ ಸಿಸ್ಟರ್ ಜೊತೆ ಬಸ್ಸಿಳಿದು ಬಂದಿದ್ದ. ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಒಂದು ಮೂಟೆ. ಬಿಳಿ ಅಂಗಿಯ ಬೆನ್ನೆಲ್ಲ ಕಪ್ಪಾಗಿತ್ತು. ಸೀದಾ ನನ್ನ ಮೇಜಿನ ಮುಂದೆ ಬಂದು ಮೂಟೆಯನ್ನು ದಡಕ್ಕನೆ ಇಳಿಸಿದ.

"ಬರ್ಕಳಿ ಸೋಮಿ. ಅಡವಿಯಪ್ಪ, ಒಂದ್ ಮೂಟೆ ಇದ್ಲು. ಸಾಬ್ರ ಮದ್ವೆ ಮುಯ್ಯಿ."

"ಅಲ್ಲಪ್ಪಾ, ಶಿಬಿರ ನಿಮಗೇ ಅಲ್ವಾ? ನೀನ್ಯಾಕೆ ತಂದೆ?"

"ಸಿಬಿರ ಸಿಬಿರ, ಮದ್ವೆ ಮದ್ವೆ. ಉಣ್ಣಾಕ್ ಕರ್ದವ್ರೆ, ಬರಿ ಕೈಲಿ ಎಂಗ್ ಬರಾದು?"

ಕಾರ್ಡು ಅವನಿಗೂ ಹೋಗಿತ್ತು. ಆದರೆ ಅವನಿಗೆ ಓದಲು ಬರುತ್ತಿರಲಿಲ್ಲ.

ಕೇಳಬೇಡ ಅಂದಿದ್ದರು ಸಾಬರು, ಸರಿ. ಆದರೆ ಬಂದ ಮುಯ್ಯಿಯನ್ನು ಕೂಗಲೇಬೇಕು, ಅದು ಪದ್ಧತಿ. ಮೈಕು ಹಿಡಿದು ಗಂಟಲು ಹರಿಯುವಂತೆ ಕೂಗಿದೆ. "ಕುಣಿಗಲ್ ಕಾಲೋನಿ ಅಡವಿಯಪ್ಪನವರ ಮುಯ್ಯಿ, ಒಂದು ಮೂಟೆ ಇದ್ದಿಲು!" ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ನನ್ನ ನಾಲಿಗೆ ಸುಮ್ಮನಿದ್ದರೆ ತಾನೇ? "ಇವತ್ತಿನ ಮುಯ್ಯಿ ಇದೊಂದೇ ಕಣ್ರಪ್ಪಾ! ಓದಕ್ ಬರೋರೆಲ್ಲ ಬರೀ ಕೈಲಿ ಬಂದ್ರು, ಓದಕ್ ಬರ್ದೇ ಇರೋರು ಒಬ್ರೇ ತಂದ್ರು!"

ಒಬ್ಬಟ್ಟು ಅಗಿಯುತ್ತಿದ್ದ ಬಾಯಿಗಳು ನಿಂತವು. ಮೊದಲು ಎದ್ದವರು ಮಹಾದೇವಯ್ಯನವರ ಹೆಂಡತಿ ಕಲ್ಲಮ್ಮ.

"ಏನ್ರೀ! ಮೂರ್ ಹೆಣ್ಮಕ್ಳ ಮದ್ವೆ, ಮೂರ್ ತಪ್ಪಲೆ ಪಾಯ್ಸ, ಗಟಗಟ ಕುಡಿದಿದ್ ನೆಪ್ಪಿಲ್ವಾ?"

"ಕಾರ್ಡಲ್ಲಿ ಹಂಗ್ ಹಾಕವ್ರಲ್ಲೇ!"

"ಕಾರ್ಡ್ ಸುಡ್ತು! ಎದ್ದೇಳಿ ಮೇಲೆ!"

ಮಹಾದೇವಯ್ಯನವರು ಎಂಜಲು ಕೈಯಲ್ಲೇ ಮಂಡಿಗೆ ಓಡಿದರು. ಆಮೇಲೆ ನಡೆದದ್ದನ್ನು ಏನು ಹೇಳಲಿ! ಗುಬ್ಬಿಯ ಬೀದಿಯಲ್ಲಿ ಜನ ಮನೆಗೆ ಓಡುವುದೇನು, ಓಡಿ ಬರುವುದೇನು! ತಾಂಬೂಲ ಹಿಡಿದು ಚೇಳೂರು ಬಸ್ಸು ಹತ್ತಿದ್ದವರನ್ನು ಅರ್ಧ ಊರು ಅಡ್ಡಗಟ್ಟಿ ಇಳಿಸಿತು. ಬೈದು ಸೀಟಿ ಊದುತ್ತಿದ್ದ ಕಂಡಕ್ಟರು ವಿಷಯ ತಿಳಿದು ತಾನೂ ಹತ್ತು ರೂಪಾಯಿ ಬರೆಸಿ ಹೋದ, ಅವನ ತಂಗಿಯ ಮದುವೆಯಲ್ಲೂ ಸಾಬರ ತಪ್ಪಲೆ ಇತ್ತಂತೆ. ಕೊಬ್ಬರಿ ಮೂಟೆ ಬಂತು, ರಾಗಿ ಬಂತು, ಒಂದು ಆಡಿನ ಮರಿ ಬಂದು ನನ್ನ ಪುಸ್ತಕದ ಮೂಲೆ ತಿಂದಿತು. ಎಂಬತ್ತು ದಾಟಿದ ವನಜಮ್ಮ, "ನನ್ ಮದ್ವೇಲಿ ಸಾಬ್ರ ಅಪ್ಪ ಕಲಾಯಿ ಹಾಕಿದ್ದು, ಅದೂ ಸೇರಿಸ್ಕೋ" ಎಂದು ಸೆರಗಿನ ಗಂಟು ಬಿಚ್ಚಿದರು. ಕೂಗಿ ಕೂಗಿ ನನ್ನ ಗಂಟಲು ಕೂತುಹೋಯಿತು. ಸಂಜೆ ಹೊತ್ತಿಗೆ ಲೆಕ್ಕ ಹದಿನೆಂಟು ಸಾವಿರ ದಾಟಿ ಹೋಗಿತ್ತು. ಇಸಾಕ್ ಸಾಬರು ಎಲ್ಲರ ಮುಂದೆ ನಜೀರಮ್ಮನ ಕೈ ಹಿಡಿದು ಒಂದು ಸುತ್ತು ಕುಣಿದರು. ಕೆಮ್ಮು ಬಂದು ಕೂತರು, ಮತ್ತೆ ಎದ್ದು ಕುಣಿದರು.

ಶಿಬಿರ ನಡೆಯಿತು. ಕಾಲೋನಿಯಲ್ಲಿ ಮೂರು ದಿನವೂ ಅಡುಗೆಗೆ ಅಡವಿಯಪ್ಪನದೇ ಇದ್ದಿಲು. ಕೊನೆಯ ದಿನದ ಪಾಯಸದ ತಪ್ಪಲೆಗೆ ಸಾಬರು ಅಲ್ಲೇ ಗುಂಡಿ ತೋಡಿ ಕಲಾಯಿ ಹಾಕಿದರು, ತಿದಿ ಒತ್ತಲು ಯುವಕರು ನಾನು ತಾನು ಎಂದು ಕಿತ್ತಾಡಿದರು. ಮೊದಲ ದಿನ ದೂರ ನಿಂತು ನೋಡುತ್ತಿದ್ದ ಹುಡುಗರು ಮೂರನೇ ದಿನ ಅಡವಿಯಪ್ಪನ ಸುತ್ತ ಕೂತು ಜೇನಿನ ಹಾಡಿಗೆ ದನಿ ಕೂಡಿಸಿದರು. ಸುಮನಾ ಸಿಸ್ಟರ್ ಮತ್ತೆ ಅತ್ತರು. ನಾನೂ ಅತ್ತೆ, ಮುಚ್ಚುಮರೆ ಏನು.

ಕಣ್ಣು ಪರೀಕ್ಷೆಯಲ್ಲಿ ಅಡವಿಯಪ್ಪನಿಗೆ ಕನ್ನಡಕ ಸಿಕ್ಕಿತ್ತು. ಅದನ್ನು ಮೂಗಿಗೇರಿಸಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಮದುವೆ ಕಾರ್ಡು ತೆಗೆದು ಹಿಂದೆ ಮುಂದೆ ಮಾಡಿದ. "ಗಿಣಿ ಈಗ ಸಂದಾಗ್ ಕಾಣ್ತವೆ," ಎಂದು, ಕೆಳಗಿನ ದಪ್ಪ ಅಕ್ಷರದ ಮೇಲೆ ಬೆರಳಿಟ್ಟ. "ಇದೇನ್ ಬರ್ದಿದ್ರಿ ಸೋಮಿ? ಅವತ್ತು ಎಲ್ರೂ ನಿಮ್ಮನ್ನ ಬೈತಿದ್ರಲ್ಲ?"

ನಾಚಿಕೆಯಿಂದ ಓದಿ ಹೇಳಿದೆ. ಅದನ್ನು ನೋಡಿ ಯಾರೂ ಮುಯ್ಯಿ ತರಲಿಲ್ಲ ಎಂದೂ ಹೇಳಿದೆ. ಅವನು ಕನ್ನಡಕ ತೆಗೆದು, ಪಂಚೆಯಲ್ಲಿ ಒರೆಸಿ, ಸುಮನಾ ಸಿಸ್ಟರ್ ಕಡೆ ತಿರುಗಿದ.

"ಅವ್ವಾ, ನಮ್ ಹುಡುಗ್ರಿಗೆ ಓದಾದ್ ಕಲ್ಸಿ. ಇದೊಂದ್ ಸಾಲ್ ಮಾತ್ರ ಕಲಿಸ್ಬ್ಯಾಡಿ."