ಉಂಗುರದ ಸದ್ದು ಕೆರೆದ ಕೈ

ಬೆಳಗಿನ ಆರು ಗಂಟೆ. ತ್ಸುರುಮಿಯ ಕಾಲುವೆ ದಂಡೆಯ ರೆಕಾರ್ಡ್ ಕಾರ್ಖಾನೆಯಲ್ಲಿ ಸವಾಮುರಾ ಇಕುಯೊ ಎರಡು ನಿಕ್ಕಲ್ ತಟ್ಟೆಗಳ ಅಂಚಿಗೆ ಉಗುರು ಹಾಕಿ ನಿಂತಿದ್ದಾರೆ. ಅಂಟಿಕೊಂಡಿರುವ ಇವನ್ನು ಬಿಡಿಸಬೇಕು. ಕೆಳಗಿನದು ಮೂಲ. ಮೇಲಿನದಕ್ಕೆ ಇಲ್ಲಿನವರು ‘ತಾಯಿ’ ಅನ್ನುತ್ತಾರೆ. ತಾಯಿಯಿಂದ ಅಚ್ಚು, ಅಚ್ಚಿನಿಂದ ಕಪ್ಪು ರೆಕಾರ್ಡು. ಬಿಡಿಸುವಾಗ ಮೂಲ ಸೀಳಿದರೆ ಗಾಯಕಿ ತೊದೊರೊಕಿ ರೇಕೊ ಅವರ ಹಾಡು ಹೋದಂತೆಯೇ. ಅರುವತ್ತು ವರ್ಷದ ಹಳೆಯ ಟೇಪು ಈ ಮೂಲಕ್ಕಾಗಿ ಒಮ್ಮೆ ಓಡಿದ್ದಕ್ಕೇ ಪುಡಿ ಉದುರಿಸಿದೆ, ಇನ್ನೊಮ್ಮೆ ಓಡುವುದಿಲ್ಲ.

ಆ ಕಾಲದ ನಾಲ್ವರು ಜಾಝ್ ಗಾಯಕಿಯರ ರೆಕಾರ್ಡುಗಳನ್ನು ಕಂಪನಿಯೊಂದು ಮತ್ತೆ ಹೊರತರುತ್ತಿದೆ. ಹೊದಿಕೆಯ ಮೇಲೆ ಕಾಗದ ಯಾವ ಗಿರಣಿಯದು ಎಂದಿದೆ, ಯಾವ ಯಂತ್ರದಲ್ಲಿ ಕೊರೆದರು ಎಂದಿದೆ. ಮುನ್ನುಡಿ ಬರೆದ ಪ್ರೊಫೆಸರರ ಫೋಟೊ ಕೂಡ ಇದೆ. ಯಂತ್ರಕ್ಕಿರುವ ಜಾಗ ಇಕುಯೊಗಿಲ್ಲ. ಇವರು ಕೇಳುವುದೂ ಇಲ್ಲ, ಅದೇ ಮೇಲಿನವರಿಗೆ ಅನುಕೂಲ.

ಐವತ್ತೆಂಟರ ಇಕುಯೊ ಹೈಸ್ಕೂಲು ಮುಗಿಸಿ ನೇರ ಇಲ್ಲಿಗೆ ಬಂದವರು. ರೆಕಾರ್ಡು ಯಾರಿಗೂ ಬೇಡವಾದಾಗ ಮನೆಗೆ ಕಳಿಸಿದರು. ಅಂಗಡಿಯಲ್ಲಿ ಮಾರುವ ಬೆಂತೊ ಎಂಬ ಊಟದ ಡಬ್ಬಿಗೆ ಅನ್ನ ತುಂಬುತ್ತ ಬದುಕಿದರು. ಮತ್ತೆ ಬೇಡಿಕೆ ಬಂದಾಗ ದಿನಗೂಲಿಗೆ ಕರೆಸಿದರು. ತಾಯಿಯನ್ನು ನುಡಿಸಿ, ಎಲ್ಲಿ ‘ಟಕ್’ ಎಂದಿತೋ ಅಲ್ಲಿ ಗುರುತು ಹಾಕಿ, ಸೂಕ್ಷ್ಮದರ್ಶಕದಡಿ ಗೆರೆಯಲ್ಲಿ ಎದ್ದಿರುವ ಲೋಹದ ಮುಳ್ಳನ್ನು ಸೂಜಿಯಿಂದ ಕೆರೆದು ತೆಗೆಯುವುದು ಇವರ ಕೆಲಸ.

ಆ ಸೂಜಿ ತಪ್ಪು ಮಾಡಿದ್ದು ಕಳೆದ ವಾರ ಗೊತ್ತಾಯಿತು. ನಾಲ್ವರಲ್ಲಿ ಬದುಕಿರುವವರು ತೊದೊರೊಕಿ ಒಬ್ಬರೇ. ಗಾಲಿಕುರ್ಚಿಯಲ್ಲಿ ಬಂದು ಮಾದರಿ ರೆಕಾರ್ಡು ಕೇಳಿದವರು ಎರಡನೆಯ ಹಾಡಿಗೆ ಕೈಯೆತ್ತಿದರು.

“ನನ್ನ ಉಂಗುರ ಎಲ್ಲಿ ಹೋಯ್ತು?”

“ಉಂಗುರಾನಾ, ಸೆನ್ಸೇ?” ಎಂದು ಗುರುಗಳನ್ನು ಕರೆಯುವ ಗೌರವದಲ್ಲಿ ಕೇಳಿದರು ವಿಭಾಗದ ಮುಖ್ಯಸ್ಥ ನೆಮೊತೊ.

“ಬಾಸ್ ವಾದ್ಯ ನುಡಿಸೋನು ಕುಡಿದು ತೂಕಡಿಸ್ತಿದ್ದ ಕಣಪ್ಪ. ಮೈಕಿನ ಸ್ಟ್ಯಾಂಡಿಗೆ ಉಂಗುರ ಕುಟ್ಟಿ ಎಬ್ಬಿಸಿದ್ದೆ. ಅದಿಲ್ಲ ಅಂದ್ರೆ ಇದು ನನ್ ಹಾಡಲ್ಲ. ನನ್ನನ್ನ ಬಿಟ್ಟು ಮಿಕ್ಕ ಮೂವರದ್ದು ಹಾಕ್ಕೊಳ್ಳಿ.”

ಇಕುಯೊ ಮುಂದೆ ಬಂದು ಸೊಂಟ ಬಗ್ಗಿಸಿ ನಿಂತರು. “ಕೆರೆದವಳು ನಾನು. ಮುಳ್ಳು ಅಂದ್ಕೊಂಡೆ.”

“ಎಷ್ಟು ನೀಟಾಗಿ ಕೆರೆದಿದ್ದೀಯಮ್ಮ. ನನ್ನ ಗಂಡನಿಗೂ ಆ ಉಂಗುರ ತೆಗೆಸೋಕೆ ಆಗಿರ್ಲಿಲ್ಲ.”

ಕೆರೆದದ್ದನ್ನು ಮತ್ತೆ ಅಂಟಿಸಲಾಗದು. ಮೂಲದಿಂದ ಇನ್ನೊಂದು ತಾಯಿಯನ್ನು ತೆಗೆಯಬೇಕು. “ಮೂಲ ತೆಳ್ಳಗಿದೆ, ಸೀಳಿದ್ರೆ ಏನ್ ಗತಿ?” ಎಂದು ನೆಮೊತೊ ಹಿಂಜರಿದರು. “ಈಗಿರೋದು ಅವರ ಹಾಡೇ ಅಲ್ವಲ್ಲ ಸಾರ್,” ಎಂದರು ಇಕುಯೊ.

ಈಗ ತಟ್ಟೆ ಬಿಡಿಸುವ ಇಕುಯೊ ಬೆನ್ನ ಹಿಂದೆಯೇ ನೆಮೊತೊ ನಿಂತಿದ್ದಾರೆ.

“ಸ್ವಲ್ಪ ಆಚೆ ಹೋಗಿ ಸಾರ್. ನಿಮ್ಮ ಉಸಿರು ಕತ್ತಿಗೆ ತಾಗ್ತಿದೆ.”

ಅಂಚು ಮೇಲೇಳುತ್ತದೆ. ಇಕುಯೊ ಎಳೆಯುವುದಿಲ್ಲ, ತಟ್ಟೆಯೇ ಬರುವಷ್ಟು ಹೊತ್ತು ಕಾಯುತ್ತಾರೆ. ಒದ್ದೆ ಕಾಗದ ಬಿಟ್ಟಂತೆ ಸದ್ದಾಗಿ ಎರಡೂ ಬೇರೆಯಾಗುತ್ತವೆ. ಮೂಲದ ಮೇಲೆ ಗೀರಿಲ್ಲ. ತಾಯಿಯನ್ನು ನುಡಿಸುತ್ತಾರೆ. ಎರಡನೆಯ ಹಾಡಿನಲ್ಲಿ, ಬಾಸ್ ವಾದ್ಯದ ಲಯ ಜೋಲುವ ಹೊತ್ತಿಗೆ, ಟಕ್. ನೆಮೊತೊ ಫೋನು ತೆಗೆದು ತೊದೊರೊಕಿ ಅವರ ಮನೆಗೆ ಕರೆ ಮಾಡುತ್ತಾರೆ.

ಹಾಡು ಹೇಗಿದೆ ಎಂದು ಕೇಳಿದರೆ ಇಕುಯೊ ನಾಚಿಕೊಳ್ಳುತ್ತಾರೆ.

“ಗೊತ್ತಿಲ್ಲ ಕಣ್ರೀ. ಇಷ್ಟು ವರ್ಷ ಮುಳ್ಳಷ್ಟೇ ಕೇಳಿದ್ದೀನಿ. ಇದು ಅಂಗಡಿಗೆ ಬಂದಾಗ ಒಂದು ತಗೋತೀನಿ. ಮನೇಲಿ ಕಾಲು ಚಾಚಿ ಕೂತು, ಆಯಮ್ಮ ಏನು ಹೇಳ್ತಾರೆ ಅಂತ ಕೇಳಬೇಕು.”